ಕಡೆಯ ರಾಗ ಭೈರವಿ ಮುಗಿಯುವತನಕ ಒಂದು ಬಸ್ಸು ನಿಲ್ಲಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಧಾರವಾಡದ ಸಂಗೀತದ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬರೆದವರಿಗೆ ನಮ್ಮೂರಿನ ಮೇಲೆ ಪ್ರೀತಿ ಇದೆ, ಅದಕ್ಕಾಗಿ ಅವರಿಗೆ ಶರಣು. ಆದರೆ ಇಷ್ಟೊಂದು ಗವಾಯಿಗಳು ಈ ಒಂದೇ ಸೀಮೆಯಲ್ಲಿ ಹೇಗೆ ಆಗಿಹೋದರು ಎಂಬ ಪ್ರಶ್ನೆಗೆ ಅವರ ಉತ್ತರ ‘ಇಲ್ಲಿಯ ಮಣ್ಣು, ಇಲ್ಲಿಯ ನೀರು, ಇಲ್ಲಿಯ ಜಿಟಿಜಿಟಿ ಮಳೆ’ ಎಂದಷ್ಟೇ ಇದೆ. ಸತ್ಕಾರ ಸಮಾರಂಭಗಳಲ್ಲಿ ಈ ಮಾತನ್ನು ನಾನು ಸಣ್ಣಾಕಿ ಇದ್ದಾಗಿನಿಂದ ಕೇಳುತ್ತಿದ್ದೇನೆ. ಕೇಳಲು ಹಿತವಾಗಿದೆ. ಆದರೆ ಎಲ್ಲವೂ ಮಣ್ಣಿನಿಂದಲೇ ಬಂದದ್ದಾದರೆ ನಾವು ಯಾರೂ ಏನೂ ಮಾಡಬೇಕಾಗಿಲ್ಲ, ಮಳೆ ಬಿದ್ದರೆ ಸಾಕು ಎಂದಾಗುತ್ತದೆ. ಈ ಸಮಾಧಾನವೇ ನಮ್ಮ ಊರಿಗೆ ಕೇಡು ಮಾಡುತ್ತಿದೆ ಎಂದು ನನಗೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ರೈಲ್ವೆಯಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದು ನಿವೃತ್ತಳಾದವಳು. ನಮ್ಮ ಅಪ್ಪನೂ ರೈಲ್ವೆಯವರೇ, ಮೀಟರ್‌ಗೇಜ್ ಗಾಡಿಗಳ ಗಾರ್ಡ್. ಹೀಗಾಗಿ ನನ್ನ ಲೆಕ್ಕ ಹಳಿಯಿಂದಲೇ ಸುರುವಾಗುತ್ತದೆ.

ನಕಾಶೆ ಬಿಚ್ಚಿ ನೋಡಿರಿ. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಆ ಶತಮಾನ ಮುಗಿಯುವುದರೊಳಗೆ ಪುಣೆ, ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ ಒಂದೇ ದಾರಿಯ ಮೇಲೆ ಬಂದವು. ಅಲ್ಲಿಂದ ಕೆಳಗೆ ಹರಿಹರದ ಮೇಲೆ ಹಾಯ್ದು ಮೈಸೂರು ಸಂಸ್ಥಾನಕ್ಕೂ ಗಾಡಿ ಹೋಗತೊಡಗಿತು. ಮಿರಜದಲ್ಲಿ ತಂಬೂರಿ, ಸಿತಾರ ಮಾಡುವವರ ಕೇರಿ ಇತ್ತು, ಇವತ್ತಿಗೂ ಇದೆ. ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಹಾಡುಗಾರಿಕೆಯ ಪರಂಪರೆಯ, ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಆ ಮಿರಜದಲ್ಲೇ. ಅವರಿಗೆ ಮೈಸೂರು ಅರಮನೆಯಿಂದ ಕರೆ ಬರುತ್ತಿತ್ತು. ಮಿರಜದಿಂದ ಮೈಸೂರಿಗೆ ಹೋಗುವವರಿಗೆ ನಮ್ಮ ಸೀಮೆ ನಡುದಾರಿ. ಇಳಿದು ದಣಿವಾರಿಸಿಕೊಳ್ಳಬೇಕು, ಪರಿಚಯದವರ ಮನೆಯಲ್ಲಿ ಊಟ ಮಾಡಬೇಕು, ರಾತ್ರಿ ಪಡಸಾಲೆಯಲ್ಲಿ ಜಮಖಾನೆ ಹಾಸಿದರೆ ಹಾಡಬೇಕು. ಗಾಡಿ ಇಲ್ಲದಿದ್ದರೆ ಇದೆಲ್ಲ ಎಲ್ಲಿಂದ ಆಗಬೇಕಿತ್ತು?

ಖಾನಸಾಹೇಬರು ತೀರಿಕೊಂಡದ್ದೂ ರೈಲಿನ ದಾರಿಯಲ್ಲೇ. 1937ರ ಅಕ್ಟೋಬರದಲ್ಲಿ ಪಾಂಡಿಚೇರಿಗೆ ಹೊರಟವರು ಮೈಯಲ್ಲಿ ಸ್ವಸ್ಥವಿಲ್ಲವೆಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆಯೇ ದರಬಾರಿ ರಾಗ ಹಾಡುತ್ತ ಪ್ರಾಣ ಬಿಟ್ಟರು. ನಮ್ಮ ಅಪ್ಪ ಈ ಸಂಗತಿ ಹೇಳುವಾಗ ಪ್ರತಿ ಸಲವೂ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಹುಬ್ಬಳ್ಳಿಯಿಂದ ಬೆಂಗಳೂರಿನ ದಿಕ್ಕಿಗೆ ಹೊರಟರೆ ಬಹಳ ದೂರ ಹೋಗುವ ಮೊದಲೇ ಕುಂದಗೋಳ ಸಿಗುತ್ತದೆ. ಸುತ್ತಲೂ ಬ್ರಿಟಿಷ್ ಮುಲುಕು, ನಡುವೆ ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದು. ಅಲ್ಲಿಯ ನಾಡಿಗೇರ ವಾಡೆಗೆ ಖಾನಸಾಹೇಬರು ಬಂದು ಹಾಡುತ್ತಿದ್ದರು. ಆ ಊರಿನ ಹುಡುಗ ರಾಮಭಾವು ಅವರ ಶಿಷ್ಯನಾಗಿ, ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಹಾಡಿ ಸವಾಯಿ ಗಂಧರ್ವ ಎನ್ನಿಸಿಕೊಂಡು, ಕಡೆಗೆ ಕಂಪನಿ ಬಿಟ್ಟು ಊರಿಗೇ ಮರಳಿದರು. ಆಗ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದರು. ಸಂಜೆ ಹೋಗುವುದು, ಗುರು ಹೇಳಿದ ಒಂದೇ ಪಲುಕನ್ನು, ಅಂದರೆ ಸ್ವರಗಳ ತುಣುಕನ್ನು, ಹತ್ತಾರು ಸಲ ತಿದ್ದಿಕೊಳ್ಳುವುದು, ರಾತ್ರಿ ಗಾಡಿಗೆ ಮರಳುವುದು. ಸಂಸಾರವಿದ್ದವರು, ಮಕ್ಕಳ ತಾಯಿ. ಹಾಡುವ ಮನೆತನದ ಹೆಣ್ಣುಮಗಳೆಂದು ಓಣಿಯ ಮಂದಿ ಆಡಿಕೊಂಡದ್ದನ್ನು ಅವರೇ ಮುಂದೆ ಹೇಳಿದ್ದಾರೆ. ಇವೆಲ್ಲವನ್ನೂ ನುಂಗಿಕೊಂಡು ರಾತ್ರಿ ಹೊತ್ತು ಸ್ಟೇಷನ್ನಿನ ಬಾಕಿನ ಮೇಲೆ ಕೂತು ಗಾಡಿ ಕಾಯ್ದ ಆ ತಾಯಿಯ ಕಂಠವನ್ನು ‘ಮಣ್ಣಿನ ಗುಣ’ ಎಂದುಬಿಟ್ಟರೆ ಆ ದುಡಿಮೆಗೆ ಮರ್ಯಾದೆ ಎಲ್ಲಿ ಉಳಿಯಿತು?

ಅವರ ತಾಯಿ ಅಂಬಾಬಾಯಿಯವರನ್ನೂ ನೆನೆಯಬೇಕು. ಕರ್ನಾಟಕ ಸಂಗೀತದಲ್ಲಿ ದೊಡ್ಡ ಹಾಡುಗಾರ್ತಿ. ಅವರ ಹಾಡು ಕೇಳಲು ಅಬ್ದುಲ್ ಕರೀಂ ಖಾನರಂಥವರು ಬರುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ ಅವಳ ಕಿವಿಯಲ್ಲಿ ಎರಡು ಪದ್ಧತಿ ಕಲಸಿಹೋಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಧಾರವಾಡದ ಸಂಗೀತದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ನನಗೆ ತಿಳಿದಿಲ್ಲ.

ಇನ್ನು ಭೀಮಸೇನ ಜೋಶಿಯವರು. ಗುರುವನ್ನು ಹುಡುಕುತ್ತ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿದವರು. ಕಿಸೆಯಲ್ಲಿ ದುಡ್ಡಿಲ್ಲ, ಟಿಕೀಟಿಲ್ಲ. ಡಬ್ಬಿಯಲ್ಲಿ ಹಾಡಿ, ಕೇಳಿದವರು ಕೊಟ್ಟದ್ದನ್ನು ತಿಂದು ಗ್ವಾಲಿಯರ್ ಎನ್ನದೆ ಜಲಂಧರ್ ಎನ್ನದೆ ತಿರುಗಿದರು. ಕಡೆಗೆ ಜಲಂಧರದಲ್ಲಿ ಗವಾಯಿ ವಿನಾಯಕರಾವ್ ಪಟವರ್ಧನರು ಸಿಕ್ಕು, ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರೆ, ಮರಳಿ ಹೋಗು ಎಂದು ದಾರಿ ತೋರಿಸಿದರು. ಟಿಕೀಟಿಲ್ಲದ ಆ ಹುಡುಗನ ಹಾಡು ಕೇಳಿ ಸುಮ್ಮನೆ ಬಿಟ್ಟ ಟೀಸಿಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಖಾತೆಯವರು ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು ಎಂದೇ ನಾನು ತಿಳಿದಿದ್ದೇನೆ.

ಹಳಿಯೊಂದೇ ಸಾಲುತ್ತಿರಲಿಲ್ಲ, ಒಪ್ಪುತ್ತೇನೆ. ಹಾಡುವವರಿಗೆ ಹೊಟ್ಟೆ ತುಂಬಬೇಕು. ಧಾರವಾಡ ಮುಂಬಯಿ ಪ್ರಾಂತದ ಜಿಲ್ಲಾ ಠಾಣೆ. ಕೋರ್ಟು, ಕಚೇರಿ, ವಕೀಲರು, ಮಾಮಲೇದಾರರು, ಶಾಲಾ ಮಾಸ್ತರರು ಇದ್ದರು. 1890ರಲ್ಲಿ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು ಬಂದವು. ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಹೇಳಿಕೊಡಲು ಭಾಸ್ಕರಬುವಾ ಬಖಲೆಯವರಂಥ ಗವಾಯಿಗಳು ಇದ್ದರೆಂದರೆ, ಆ ಕಾಲೇಜಿನಿಂದ ಹಳ್ಳಿಹಳ್ಳಿಗೆ ಹೋದ ಮಾಸ್ತರರ ಕಿವಿ ಎಂಥದ್ದಿರಬೇಕು, ಅವರ ಕೈಯಲ್ಲಿ ಕಲಿತ ಮಕ್ಕಳ ಕಿವಿ ಎಂಥದ್ದಿರಬೇಕು, ಯೋಚಿಸಿರಿ. ಸಿತಾರರತ್ನ ರಹಿಮತ್ ಖಾನರು ಧಾರವಾಡದಲ್ಲೇ ಮನೆ ಮಾಡಿ ಶಾಲೆ ತೆರೆದರು. ಅವರ ಮೊಮ್ಮಗ ಬಾಲೇ ಖಾನರ ಸಿತಾರ ಕೇಳುವ ಭಾಗ್ಯ ನನಗೂ ಸಿಕ್ಕಿತು. ಗದಗಿನಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದರು. ಆ ಅನ್ನ ಹೊಂದಿಸಲು ನಾಟಕ ಕಂಪನಿ ಕಟ್ಟಿದರು. ಅವರಿಂದ ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರುಗಳು. ಅದೇ ಆಶ್ರಮದ ಅನ್ನ ಉಂಡ ವೆಂಕಟೇಶಕುಮಾರರು ಈಗ ಧಾರವಾಡದವರೇ ಆಗಿದ್ದಾರೆ.

ಮನಸೂರ ಹಳ್ಳಿಯ ಮಲ್ಲಿಕಾರ್ಜುನರ ಕಥೆಯಲ್ಲೂ ನಾಟಕ ಕಂಪನಿ ಬರುತ್ತದೆ, ಮಿರಜ ಬರುತ್ತದೆ, ಮುಂಬಯಿ ಬರುತ್ತದೆ. ಬಾಲಕನಾಗಿ ರಂಗದ ಮೇಲೆ ಹಾಡುತ್ತಿದ್ದವರನ್ನು ನೀಲಕಂಠಬುವಾ ಆಲೂರಮಠರು ಮಿರಜಕ್ಕೆ ಕರೆದೊಯ್ದು ಕಲಿಸಿದರು. ಆಮೇಲೆ ಮುಂಬಯಿಯಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಬುರ್ಜೀಖಾನರ ಪಾಠ. ಇಷ್ಟು ಕಲಿತು ಬಂದ ಮನುಷ್ಯ ಮುಂಬಯಿಯಲ್ಲೇ ಉಳಿಯಬಹುದಿತ್ತು, ಧಾರವಾಡದಲ್ಲೇ ಉಳಿದರು. ಉಳಿಯಲು ಇಂಬು ಕೊಟ್ಟದ್ದರಲ್ಲಿ ಆಕಾಶವಾಣಿಯ ಪಾಲು ದೊಡ್ಡದು. 1950ರ ಜನವರಿ 8ಕ್ಕೆ ಧಾರವಾಡ ನಿಲಯ ಸುರುವಾಯಿತು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು, ಬೇಂದ್ರೆಯವರು ಸಾಹಿತ್ಯದ ಸಲಹೆಗಾರರಾಗಿದ್ದರು. ತಬಲಾದವರು, ಹಾರ್ಮೋನಿಯಂ ಪೇಟಿಯವರು, ತಂಬೂರಿ ಹಿಡಿಯುವವರು, ಸಾರಂಗಿಯವರು ತಿಂಗಳ ಪಗಾರ ಎಣಿಸಿಕೊಳ್ಳುವಂತಾಯಿತು. ಪಗಾರ ಎಂಬುದು ಸಣ್ಣ ಮಾತಲ್ಲ ಸಂಪಾದಕರೇ. ತಿಂಗಳ ಪಗಾರ ಇದ್ದ ತಬಲಾದವನು ಸಂಜೆ ಮನೆಯಲ್ಲಿ ನಾಲ್ಕು ಹುಡುಗರನ್ನು ಪುಗಸಟ್ಟೆ ಕೂಡ್ರಿಸಿಕೊಂಡು ಕಲಿಸುತ್ತಾನೆ. ಆ ಹುಡುಗರಲ್ಲಿ ಒಬ್ಬ ಮುಂದೆ ದೊಡ್ಡವರಿಗೆ ಸಾಥ್ ಕೊಡುತ್ತಾನೆ. ವಿಶ್ವವಿದ್ಯಾಲಯದಲ್ಲಿ ಸಂಗೀತದ ಪಾಠ ಸುರುವಾದಾಗಲೂ ಇದೇ ಆಯಿತು. ಜಮಖಂಡಿಯ ಸಂಗಮೇಶ್ವರ ಗುರವರು ಕಲಿಸಲು ಬಂದು ಇಲ್ಲಿಯವರಾದರು. ಈಗ ಮಗ ಕೈವಲ್ಯಕುಮಾರರು ಹಾಡುತ್ತಾರೆ, ಕಲಿಸುತ್ತಾರೆ.

ಈ ಹೆಸರುಗಳನ್ನು ಮತ್ತೊಮ್ಮೆ ಓದಿರಿ. ಮಠದ ಮಕ್ಕಳು, ಆಚಾರರ ಮಕ್ಕಳು, ಮುಸಲ್ಮಾನರು, ಹಾಡುವ ಮನೆತನದ ಹೆಣ್ಣುಮಕ್ಕಳು, ಕಣ್ಣಿಲ್ಲದವರು. ಇಷ್ಟು ಬಗೆಯ ಜನ ಒಂದೇ ಜಮಖಾನೆಯ ಮೇಲೆ ಕೂತು ಕಲಿಯಲು ಕೇಳಲು ಸಾಧ್ಯವಾದದ್ದು ನಮ್ಮ ಹಿರಿಯರು ಬಾಗಿಲು ತೆರೆದಿಟ್ಟದ್ದರಿಂದ.

ನಾನು ಕೌಂಟರಿನಲ್ಲಿ ಕೂತ ವರ್ಷಗಳಲ್ಲಿ ತಂಬೂರಿ ಹೊತ್ತುಕೊಂಡು ಬರುವವರನ್ನು ದೂರದಿಂದಲೇ ಗುರುತಿಸುತ್ತಿದ್ದೆ. ಬುರುಡೆಗೆ ಪೆಟ್ಟಾಗಬಾರದೆಂದು ಮನೆಯ ಕೌದಿಯನ್ನೇ ಸುತ್ತಿ, ಹಗ್ಗ ಬಿಗಿದು, ಮೇಲಿನ ಬರ್ತೇ ಬೇಕು ಬಾಯಾರೇ ಎಂದು ಕೇಳುತ್ತಿದ್ದರು. ಮೇಲಿನ ಬರ್ತು ತಂಬೂರಿಗೆ, ಅವರು ಕೆಳಗೆ ಎಲ್ಲಿಯಾದರೂ ಮುದುಡಿಕೊಳ್ಳುವುದು. ಬೆಳಗಿನ ಗಾಡಿಗೆ ಬಂದು ಮಧ್ಯಾಹ್ನದ ಗಾಡಿಗೆ ಮರಳುವ ಹುಡುಗರೂ ಇದ್ದರು. ಅಣ್ಣಿಗೇರಿ, ಗದಗಿನ ಕಡೆಯವರು. ‘ಪಾಠ ಹ್ಯಾಂಗಾತಪಾ?’ ಎಂದರೆ, ಟಿಕೀಟು ಇಸಿದುಕೊಳ್ಳುತ್ತಲೇ ಆ ದಿನ ಕಲಿತ ಚೀಜಿನ ಮುಖಡಾ, ಅಂದರೆ ಹಾಡಿನ ಮೊದಲ ಸಾಲು, ಗುನುಗಿ ತೋರಿಸುತ್ತಿದ್ದರು. ಹಿಂದೆ ಸರತಿಯಲ್ಲಿ ನಿಂತವರು ಬೈದದ್ದು ನನಗೆ ನೆನಪಿಲ್ಲ. ನಿಂತು ಕೇಳುತ್ತಿದ್ದರು.

ಕೇಳುವವರ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಾಗಿರುವುದು. ನಮ್ಮ ಅವ್ವ ಒಂದಕ್ಷರ ಹಾಡಿದವಳಲ್ಲ. ಆದರೆ ರೇಡಿಯೋದಲ್ಲಿ ಮನಸೂರರು ಅಪರೂಪದ ರಾಗ ಎತ್ತಿದರೆ ಒಲೆಯ ಉರಿ ತಗ್ಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದು ಕೂಡ್ರುತ್ತಿದ್ದಳು. ‘ಇದು ಮೊನ್ನೆ ಹಾಡಿದ್ದಲ್ಲ, ಬ್ಯಾರೆ’ ಎನ್ನುತ್ತಿದ್ದಳು. ಹೆಸರು ಗೊತ್ತಿಲ್ಲ, ಬ್ಯಾರೆ ಎಂಬುದು ಗೊತ್ತು. ಇಂಥ ಕಿವಿ ಓಣಿಗೆ ಹತ್ತು ಇದ್ದವು. ಎದುರಿಗೆ ಇಂಥವರು ಕೂತಿದ್ದಾರೆ ಎಂದು ತಿಳಿದೇ ಗವಾಯಿಗಳು ಇಲ್ಲಿ ಎಚ್ಚರದಿಂದ ಷಡ್ಜ ಹಚ್ಚುತ್ತಿದ್ದರು. ಹಾಡಿನ ಮರ್ಮ ಬಲ್ಲ ಈ ದರ್ದಿಗಳಿಲ್ಲದೆ ಧಾರವಾಡ ಧಾರವಾಡವಾಗುತ್ತಿರಲಿಲ್ಲ.

ಈಗಿನ ಮಾತಿಗೆ ಬರುತ್ತೇನೆ. ಹಾಡುವವರಿಗೆ ಈಗಲೂ ಬರವಿಲ್ಲ, ಕಾರ್ಯಕ್ರಮಗಳಿಗೂ ಬರವಿಲ್ಲ. ಸೆಪ್ಟೆಂಬರ 12 ಸವಾಯಿ ಗಂಧರ್ವರು ತೀರಿಕೊಂಡ ದಿನ, ವರ್ಷ 1952. ಸರಿಯಾಗಿ ನಲವತ್ತು ವರ್ಷಕ್ಕೆ, 1992ರಲ್ಲಿ, ಮನಸೂರರು ಹೋದದ್ದೂ ಅದೇ ತಾರೀಖಿಗೆ. ಅವರ ಹೆಸರಿನಲ್ಲಿ, ಮತ್ತೆ ಅನೇಕರ ಹೆಸರಿನಲ್ಲಿ ಅವಳಿನಗರದಲ್ಲಿ ವರ್ಷವಿಡೀ ಸಂಗೀತ ಇರುತ್ತದೆ, ಬಹುಪಾಲು ಟಿಕೀಟಿಲ್ಲದೆ. ಆದರೆ ಸಭಾಗೃಹದಲ್ಲಿ ನನ್ನ ಸುತ್ತ ಕೂತವರೆಲ್ಲ ನನ್ನ ವಯಸ್ಸಿನವರು. ಹುಡುಗರು ಬರುವುದಿಲ್ಲ ಎಂದು ನಾವೇ ಮುದುಕರು ಮಾತಾಡಿಕೊಳ್ಳುತ್ತೇವೆ. ಬಂದವರಿಗೆ ಏನಾಗುತ್ತಿದೆ ಎಂದು ಯಾರೂ ನೋಡುತ್ತಿಲ್ಲ.

ಇತ್ತೀಚೆಗೆ ಒಂದು ಕಾರ್ಯಕ್ರಮದಲ್ಲಿ ನನ್ನ ಪಕ್ಕ ಕಾಲೇಜು ಓದುವ ಹುಡುಗಿಯೊಬ್ಬಳು ಕೂತಿದ್ದಳು. ಹುಬ್ಬಳ್ಳಿಯಿಂದ ಬಂದಿದ್ದಳು. ತೊಡೆಯ ಮೇಲೆ ತಾಳ ಎಣಿಸುತ್ತಿದ್ದಳು, ಒಮ್ಮೆಯೂ ಸಮ್, ಅಂದರೆ ತಾಳದ ಮೊದಲ ಪೆಟ್ಟು, ತಪ್ಪಲಿಲ್ಲ. ಮುಖ್ಯ ಹಾಡುಗಾರರು ವೇದಿಕೆಗೆ ಬರುವಾಗಲೇ ತಡವಾಗಿತ್ತು; ಮೊದಲಿಗೆ ದೀಪ, ಸ್ವಾಗತ, ಹಾರ, ಶಾಲು, ಅತಿಥಿಗಳ ಮಾತು. ನಿಧಾನಗತಿಯ ವಿಲಂಬಿತ ಏರುತ್ತಿದ್ದ ಹೊತ್ತಿಗೆ ಆ ಹುಡುಗಿ ಚಪ್ಪಲಿ ಹುಡುಕಿಕೊಂಡು ಎದ್ದಳು. ‘ಕಡೀ ಬಸ್ಸು ಹೋಗ್ತದ್ರಿ ಅಜ್ಜಿ’ ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಅವಳ ಜೊತೆ ಬಾಗಿಲತನಕ ಹೋಗಿ ಮರಳಿ ಬಂದೆ, ಆಮೇಲೆ ಮನಸ್ಸು ಹಾಡಿನಲ್ಲಿ ನಿಲ್ಲಲಿಲ್ಲ.

ಗಂಗೂಬಾಯಿಯವರಿಗೆ ಕುಂದಗೋಳದಿಂದ ಮರಳಲು ರಾತ್ರಿ ಗಾಡಿ ಇತ್ತು. ಇವತ್ತಿನ ಹುಡುಗಿಗೆ ಧಾರವಾಡದಿಂದ ಹುಬ್ಬಳ್ಳಿಗೆ ಮರಳುವ ಧೈರ್ಯ ಕೊಡಲು ನಮ್ಮಿಂದ ಆಗುತ್ತಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮುಖಾಂತರ ನನ್ನ ಬೇಡಿಕೆ ಇಷ್ಟು. ದೊಡ್ಡ ಸಂಗೀತ ಕಾರ್ಯಕ್ರಮವಿದ್ದ ರಾತ್ರಿ, ಕಾರ್ಯಕ್ರಮ ಮುಗಿದ ಮೇಲೆ ಅರ್ಧ ತಾಸಿಗೆ ಹೊರಡುವಂತೆ ಹುಬ್ಬಳ್ಳಿಗೆ ಒಂದು ಬಸ್ಸು ಇಡಿರಿ. ತಾರೀಖುಗಳು ತಿಂಗಳ ಮೊದಲೇ ಸಂಘಟಕರಿಗೆ ಗೊತ್ತಿರುತ್ತವೆ, ಅವರು ಒಂದು ಅರ್ಜಿ ಕೊಟ್ಟರೆ ಸಾಕು ಎಂಬ ವ್ಯವಸ್ಥೆ ಆಗಲಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತ ನಡೆದಾಗ ಬೆಳಗಿನ ಜಾವಕ್ಕೆ ಹುಬ್ಬಳ್ಳಿಯ ಕಡೆ ಬರುವವರಿಗೂ ಇಂಥದೇ ಅನುಕೂಲ ಬೇಕು. ಸಂಘಟಕರಿಗೆ ಕೈಮುಗಿದು ಹೇಳುವುದೆಂದರೆ, ಶಾಲು-ಹಾರಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿರಿ. ಜನ ಬಂದದ್ದು ಹಾಡಿಗೆ. ಶಾಲೆಗಳಲ್ಲಿ ಸಂಗೀತದ ಮಾಸ್ತರರನ್ನು, ಬಾನುಲಿಯಲ್ಲಿ ಪಕ್ಕವಾದ್ಯದವರನ್ನು ಕಾಯಂ ಪಗಾರದ ಮೇಲೆ ತುಂಬಿಕೊಳ್ಳುವಂತೆ ನಮ್ಮ ಶಾಸಕರು, ಸಂಸದರು ಸದನದಲ್ಲಿ ಕೇಳಲಿ. ಗವಾಯಿಗಳ ಪುತ್ಥಳಿಗೆ ಹಾರ ಹಾಕಲು ಬರುವವರು ಇಷ್ಟು ಮಾಡಬೇಕಾದದ್ದೇ.

ತಮ್ಮಲ್ಲಿಯೂ ಒಂದು ಕೋರಿಕೆ. ಸ್ಥಳೀಯ ಪುಟದಲ್ಲಿ ಸಂಗೀತ ಕಾರ್ಯಕ್ರಮದ ಸುದ್ದಿ ಬಹಳ ಸಲ ಮರುದಿನ ಬರುತ್ತದೆ, ಉದ್ಘಾಟಕರ ಫೋಟೋ ಸಮೇತ. ಅದನ್ನು ಹಿಂದಿನ ದಿನವೇ ಹಾಕಿರಿ: ಯಾರು ಹಾಡುತ್ತಾರೆ, ತಬಲಾ ಯಾರು, ಪೇಟಿ ಯಾರು, ಎಲ್ಲಿ, ಎಷ್ಟು ಗಂಟೆಗೆ. ಬಸ್ಸು ಸಿಕ್ಕ ದಿನ ಅದರ ಹೊತ್ತನ್ನೂ ಕೆಳಗೆ ಒಂದು ಸಾಲು ಹಾಕಿದರೆ ಹುಬ್ಬಳ್ಳಿಯವರಿಗೆ, ನವಲಗುಂದದ ಕಡೆಯವರಿಗೆ ಬರಲು ಧೈರ್ಯವಾಗುತ್ತದೆ.

ಇಂತಿ ತಮ್ಮ ಓದುಗಾರ್ತಿ,
ನಿವೃತ್ತ ರೈಲ್ವೆ ಬುಕಿಂಗ್ ಕ್ಲಾರ್ಕ್
ಮಾಳಮಡ್ಡಿ, ಧಾರವಾಡ