ಹತ್ತನೇ ಕಂತು ಮುಗೀತು

ನಿನ್ನೆ ರಾತ್ರಿ, ಇಟಲಿಯ ಪಿಟೀಲು ವಾದಕ ಪಗನಿನಿಯ ಬಗ್ಗೆ ನಾನು ಮಾಡುತ್ತಿದ್ದ ಆಡಿಯೋ ಸರಣಿಯ ಕೊನೆಯ ಕಂತು ಹಾಕಿದೆ. ಮೊದಲ ಎಂಟು ಕಂತು ವಾರಕ್ಕೊಂದರಂತೆ ಬಂದವು. ಉಳಿದೆರಡಕ್ಕೆ ಏಳು ತಿಂಗಳು ಹಿಡಿಯಿತು. ಯಾಕೆ ಅಂತ ನಿಮಗೆಲ್ಲ ಗೊತ್ತೇ ಇದೆ: ಆಪರೇಷನ್ ಆಗಿ ನನ್ನ ದನಿ ಹೋಗಿತ್ತು. ಈಗ ಮುಕ್ಕಾಲು ಪಾಲು ವಾಪಸ್ ಬಂದಿದೆ. ಫೋನ್ ಎತ್ತಿದರೆ ಕೆಲವರು "ಅವರ ತಂದೆಯವರಾ ಮಾತಾಡ್ತಿರೋದು?" ಅಂತ ಕೇಳುತ್ತಾರೆ, ಅಷ್ಟೆ.

ಎಡಿಟ್ ಮಾಡಿಕೊಟ್ಟ ಗೆಳೆಯ, ಇಟಾಲಿಯನ್ ಹೆಸರುಗಳನ್ನು ತಿದ್ದಿದ ಮೇಷ್ಟ್ರು, ತಿಂಗಳುಗಟ್ಟಲೆ ಗಂಜಿ ಕಳಿಸಿದ ಎದುರು ಮನೆಯವರು, ಮುಂದಿನ ಕಂತು ಯಾವಾಗ ಅಂತ ಕೇಳದೆ ಕಾದ ನೀವು, ಎಲ್ಲರಿಗೂ ಕೈಮುಗಿಯುತ್ತೇನೆ. ಈ ಬರಹದಲ್ಲಿ ಇನ್ನು ಉಳಿದ ಮಾತೆಲ್ಲ ನನ್ನ ತಂಗಿಯ ಮಗನ ಪಾಲಿಗೆ.

ಆಪರೇಷನ್ ಆದ ಎರಡನೇ ರಾತ್ರಿ ವಾರ್ಡಿನಲ್ಲಿ ಜೊತೆಗಿದ್ದವನು ಅವನು. ಇಪ್ಪತ್ತು ವರ್ಷದ ಹುಡುಗ, ಪಿಟೀಲು ಅಂದರೆ ಆಕಳಿಸುತ್ತಾನೆ. ನಾನು ಮಾತಾಡೋ ಹಾಗಿಲ್ಲ, ಪಿಸುಗುಟ್ಟೋ ಹಾಗೂ ಇಲ್ಲ. ಬಲಗೈಗೆ ಡ್ರಿಪ್ ಹಾಕಿದ್ದರು, ಬರೆಯೋದೂ ಆಗದು. ನಾನು ತುಟಿ ಆಡಿಸಬೇಕು, ಅವನು ಊಹಿಸಬೇಕು. ಮಂಚದ ತಲೆಕಡೆ ಸ್ವಲ್ಪ "ಬಗ್ಗಿಸು" ಅಂದೆ. ಹೋಗಿ ಬಚ್ಚಲಿಂದ ಮಗ್ ತಂದ. ಬ, ಪ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ ಅಂತ ಅವತ್ತು ಗೊತ್ತಾಯಿತು. ನಗು ಬಂತು. ನಗೋ ಹಾಗೂ ಇರಲಿಲ್ಲ.

ಎರಡು ಗಂಟೆ ಹೊತ್ತಿಗೆ ಇನ್ನು ದನಿ ಬರೋದೇ ಇಲ್ಲ ಅನ್ನಿಸಿಬಿಟ್ಟಿತು. ಬಾಯಿ ತೆರೆದು ಅತ್ತೆ, ಸದ್ದೇ ಹೊರಡಲಿಲ್ಲ. ಐವತ್ತೆಂಟು ವರ್ಷದಲ್ಲಿ ಅಷ್ಟು ಹೆದರಿದ್ದು ಇನ್ನೊಂದಿಲ್ಲ. ಎಲ್ಲ ಸರಿಹೋಗುತ್ತೆ ಅಂತೇನೂ ಅವನು ಹೇಳಲಿಲ್ಲ. ಸ್ಟೂಲ್ ಹತ್ತಿರ ಎಳೆದುಕೊಂಡು, ನನ್ನ ಬಾಯಿಯ ಪಕ್ಕ ಕಿವಿ ಇಟ್ಟುಕೊಂಡು ಬೆಳಗಿನ ತನಕ ಹಾಗೇ ಕೂತಿದ್ದ.

ಅವಾಗ ನೆನಪಾದವನು ಅಕಿಲ್ಲೆ, ಪಗನಿನಿಯ ಮಗ. ಎಂಟು ಕಂತಿನಲ್ಲಿ ನಾನು ಎಲ್ಲ ಹೇಳಿದ್ದೆ: 1782ರಲ್ಲಿ ಜಿನೋವಾದಲ್ಲಿ ಹುಟ್ಟಿದ್ದು, ಒಂಟಿ ಪಿಟೀಲಿಗೆ ಬರೆದ 24 'ಕಪ್ರಿಚ್ಚಿ' ರಚನೆಗಳು, ಒಂದೇ ತಂತಿಯಲ್ಲಿ ನುಡಿಸಿದ್ದು, ಜೂಜು, ಸೈತಾನನಿಗೆ ಆತ್ಮ ಮಾರಿದ್ದಾನೆ ಅನ್ನೋ ಪುಕಾರು, 'ಫಿರಂಗಿ' ಅಂತ ಅವನು ಕರೆಯುತ್ತಿದ್ದ, ಗ್ವಾರ್ನೇರಿ ಅನ್ನೋ ಕುಶಲಕರ್ಮಿ ಮಾಡಿದ ಪಿಟೀಲು. ಮಗನಿಗೆ ಕೊಟ್ಟಿದ್ದು ಒಂದು ವಾಕ್ಯ.

ಕೊನೆಯ ವರ್ಷಗಳಲ್ಲಿ ಪಗನಿನಿಯ ದನಿ ಪೂರ್ತಿ ಹೋಗಿತ್ತು. 1838ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಸಂಗೀತ ರಚನಕಾರ ಬೆರ್ಲಿಯೋಜ್‌ನ ಕಛೇರಿ ಕೇಳಿದ ಮೇಲೆ ಅವನ ಹತ್ತಿರ ಬಂದ. ಜೊತೆಗೆ ಹದಿಮೂರು ವರ್ಷದ ಅಕಿಲ್ಲೆ. ಹುಡುಗ ಕುರ್ಚಿ ಹತ್ತಿ ಅಪ್ಪನ ಬಾಯಿಗೆ ಕಿವಿ ಕೊಟ್ಟ. ಇಳಿದು ಬಂದು ಹೇಳಿದ: ಇಷ್ಟು ಮನಸ್ಸು ಕಲಕಿದ ಸಂಗೀತ ಅಪ್ಪ ಯಾವತ್ತೂ ಕೇಳಿಲ್ಲವಂತೆ. ಎರಡು ದಿನದ ನಂತರ, ಬೆರ್ಲಿಯೋಜ್‌ಗೆ ಅಪ್ಪ ಕೊಟ್ಟ 20,000 ಫ್ರಾಂಕಿನ ಉಡುಗೊರೆಯ ಕಾಗದ ತಂದವನೂ ಅವನೇ. ದುಡ್ಡಿನ ಕತೆಯನ್ನು ನಾನು ರಸವಾಗಿ ಹೇಳಿದ್ದೆ, ಕುರ್ಚಿಯನ್ನು ಬಿಟ್ಟಿದ್ದೆ.

ಒಂಬತ್ತನೇ ಕಂತನ್ನು ನಾನು ಬರೆದೆ, ತಂಗಿಯ ಮಗ ಓದಿದ. ಜ್ವರ ಬಂದವನ ಹಾಗೆ ಓದಿದ್ದಾನೆ ಅಂತ ನೀವು ದೂರಿದಿರಿ, ನಿಜ. ರೆಕಾರ್ಡಿಂಗ್ ಮಧ್ಯೆ ನಿಲ್ಲಿಸಿ ಕೇಳಿದ: "ಮಾವ, ಅವನ್ಯಾಕೆ ಕುರ್ಚಿ ಹತ್ತಬೇಕಿತ್ತು? ಅಪ್ಪನೇ ಬಗ್ಗಬಹುದಿತ್ತಲ್ವಾ?" ಇಷ್ಟು ವರ್ಷ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಹತ್ತನೆಯದು ಪೂರ್ತಿ ಅಕಿಲ್ಲೆಯದೇ. 1840ರಲ್ಲಿ ನೀಸ್‌ನಲ್ಲಿ ಅಪ್ಪ ತೀರಿಕೊಂಡಾಗ ಅವನಿಗೆ ಹದಿನಾಲ್ಕು. ಸಾಯುವ ಮುಂಚೆ ಪಾದ್ರಿಯಿಂದ ಕೊನೆಯ ಸಂಸ್ಕಾರ ಪಡೆಯಲಿಲ್ಲ ಅಂತ ಬಿಷಪ್ ಚರ್ಚಿನ ನೆಲದಲ್ಲಿ ಮಣ್ಣು ಮಾಡಲು ಬಿಡಲಿಲ್ಲ. ಪೆಟ್ಟಿಗೆ ಊರೂರು ಅಲೆಯಿತು. ಇಟಲಿಯ ಪಾರ್ಮಾದ ಸ್ಮಶಾನದಲ್ಲಿ ಅದಕ್ಕೊಂದು ನೆಲೆ ಸಿಕ್ಕಿದ್ದು 1876ರಲ್ಲಿ. ಮಗನಿಗೂ ಆಗ ಐವತ್ತು ದಾಟಿತ್ತು.

ಈ ಕಂತನ್ನು ನಾನೇ ಓದಿದ್ದೇನೆ. ಎರಡು ಕಡೆ ದನಿ ಒಡೆದಿದೆ, ಹಾಗೇ ಬಿಟ್ಟಿದ್ದೇನೆ. ತಂಗಿಯ ಮಗ ಮಾತ್ರ ಹೆಸರು ಹಾಕಬೇಡಿ ಮಾವ, ಫ್ರೆಂಡ್ಸ್ ರೇಗಿಸ್ತಾರೆ ಅಂದಿದ್ದಾನೆ. ಹಾಕಿಲ್ಲ.