ನಾಚಿಕೆಗೆ ಕುರು ಕರಗೋದಿಲ್ಲ

ಬಾಗಲಕೋಟೆ

ಚಿ. ಬಸುಗೆ ಮಾಮಾ ಮಾಡುವ ಆಶೀರ್ವಾದ.

ಅಕ್ಕ ಫೋನ್ ಮಾಡಿದ್ದಳು. ನಾಲ್ಕು ದಿನದಿಂದ ನೀನು ನಿಂತೇ ರೊಟ್ಟಿ ತಿನ್ನುತ್ತೀಯಂತೆ. ಕೇಳಿದರೆ ಕಬ್ಬಿನ ಲೋಡಿನ ಗಡಿಬಿಡಿ ಅಂತೀಯಂತೆ. ಅವಳು ನಂಬಿದಳು, ನಾನು ನಂಬಲಿಲ್ಲ. ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ಕುಂಡಿ ಮೇಲೆ ಕುರು ಎದ್ದವನು ಹೇಗೆ ನಡೀತಾನೆ, ಹೇಗೆ ಸುಳ್ಳು ಹೇಳ್ತಾನೆ, ಎರಡೂ ಗೊತ್ತು. ಫೋನಿನಲ್ಲಿ ಹೇಳಿದರೆ ನಡುವೆಯೇ ಕಟ್ ಮಾಡ್ತೀಯ, ಅದಕ್ಕೇ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೂ ನಿನ್ನ ವಯಸ್ಸಲ್ಲೇ ಆಗಿತ್ತು. ಬಾಲದ ಎಲುಬಿನ ಮೇಲೆ, ಸೀಳು ಶುರುವಾಗುವಲ್ಲಿ, ಹುಣಸೆ ಬೀಜದಷ್ಟು ಗಂಟು. ಯಾರಿಗೆ ತೋರಿಸೋದು ಅಂತ ಸುಮ್ನಿದ್ದೆ. ಸುಣ್ಣ-ಬೆಲ್ಲ ಹಚ್ಚಿದೆ. ಒಂದು ರಾತ್ರಿ ನಾನೇ ಬ್ಲೇಡಿನಿಂದ ಗೀರಿದೆ. ಕೀವು ಬಂತು, ಹಾಯೆನಿಸಿತು. ಎರಡು ತಿಂಗಳಿಗೆ ಮತ್ತೆ ಊದಿತು, ಈ ಸಲ ನಿಂಬೆಹಣ್ಣಿನಷ್ಟು, ಜೊತೆಗೆ ಚಳಿಜ್ವರ. ಆಪರೇಷನ್ ಆದ ಮೇಲೆ ಡಾಕ್ಟರು ಬಟ್ಟೆ ಮೇಲಿಟ್ಟು ತೋರಿಸಿದ್ದು ಏನು ಗೊತ್ತಾ? ಒಂದು ಕುಚ್ಚು ಕೂದಲು! ಉದುರಿದ ಕೂದಲು ಕೂತು ಕೂತು ಚರ್ಮದೊಳಗೇ ಚುಚ್ಚಿಕೊಂಡು ಹೋಗುತ್ತಂತೆ. ಪೈಲೊನೈಡಲ್ ಸೈನಸ್ ಅಂತ ಹೆಸರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸುಮಾರು 80 ಸಾವಿರ ಸೈನಿಕರು ಇದಕ್ಕೇ ಆಸ್ಪತ್ರೆ ಸೇರಿದ್ದರು. ಜೀಪಿನ ಕುಲುಕಾಟದಿಂದ ಬರುತ್ತೆ ಅಂತ 'ಜೀಪ್ ರೋಗ' ಅಂದರು. ನಿನ್ನ ಟ್ರ್ಯಾಕ್ಟರ್ ಸೀಟೇನು ಜೀಪಿಗಿಂತ ಮೆತ್ತಗಿದೆಯಾ?

ನಿನ್ನದೂ ಅದೇ ಅನ್ನುತ್ತಿಲ್ಲ. ಮಾಂಸದ ಮೇಲೆ ಎದ್ದಿದ್ದರೆ ಸಾದಾ ಕುರು ಇರಬಹುದು, ಕೂದಲ ಬುಡಕ್ಕೆ ನಂಜಾಗಿ. ಇಂಜೆಕ್ಷನ್ ಚುಚ್ಚಿದ ಜಾಗದಲ್ಲೂ ಒಮ್ಮೊಮ್ಮೆ ಕೀವಾಗುತ್ತೆ. ಗುದದ್ವಾರದ ಪಕ್ಕ ಇದ್ದರೆ ಮಾತ್ರ ಹಗುರ ಮಾಡಬೇಡ. ಅದು ಒಳಗಿಂದ ಹೊರಗೆ ದಾರಿ ಕೊರೆದು ಭಗಂದರ ಆಗಬಹುದು. ಮೂಲವ್ಯಾಧಿ ಇರಬೇಕು ಅಂತ ಮುಲಾಮು ಹಚ್ಚುತ್ತಾ ದಿನ ಕಳೆಯುವವರು ಬಹಳ ಜನ.

ಇವತ್ತು ಟಬ್ಬಿನಲ್ಲಿ ಉಗುರುಬೆಚ್ಚನೆ ನೀರು ಹಾಕಿ ಹತ್ತು ನಿಮಿಷ ಕೂಡು, ಮೂರು ಸಲ. ಹಿಚುಕಬೇಡ, ಸೂಜಿ ಮುಟ್ಟಬೇಡ. ಔಷಧಿ ಅಂಗಡಿಯವನನ್ನು ಕೇಳಿ ಆಂಟಿಬಯೋಟಿಕ್ ನುಂಗಬೇಡ. ಒಳಗೆ ಕೀವು ನಿಂತರೆ ಗುಳಿಗೆಗೆ ಬಗ್ಗೋದು ಕಷ್ಟ, ಕೊಯ್ದು ತೆಗೆಯಬೇಕು. ಆಮೇಲೆ ಹೊಲಿಗೆ ಹಾಕದೆ ಗಾಯ ತೆರೆದೇ ಬಿಟ್ಟರೆ ಗಾಬರಿಯಾಗಬೇಡ. ಅದು ತಳದಿಂದ ತುಂಬಿಕೊಂಡು ಬರಬೇಕು. ದಿನಾ ಡ್ರೆಸಿಂಗ್ ತಪ್ಪಿಸಬಾರದು ಅಷ್ಟೇ. ಹಾಗೇ ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆನೂ ಮಾಡಿಸು. ನಿಮ್ಮ ಅಜ್ಜನಿಗೆ ಕುರು ಮೇಲೆ ಕುರು ಏಳುತ್ತಿದ್ದದ್ದು ಅದರಿಂದಲೇ. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ.

ರಾತ್ರಿ ನಡುಕ ಬಂದರೆ, ಕೆಂಪು ಸುತ್ತಲೂ ಹರಡಿದರೆ ಬೆಳಗಾಗುವ ತನಕ ಕಾಯಬೇಡ, ಮುಧೋಳದಲ್ಲೇ ತೋರಿಸು. ಇಲ್ಲದಿದ್ದರೆ ನಾಳೆ ಮುಂಜಾನೆ ನವನಗರದ ಜಿಲ್ಲಾ ಆಸ್ಪತ್ರೆ ಗೇಟಿನ ಹತ್ತಿರ ನಿಂತಿರ್ತೀನಿ. ಬೈಕ್ ತರಬೇಡ, ಬಸ್ಸಿಗೆ ಬಾ. ಸೀಟ್ ಸಿಕ್ಕರೂ ನಿಂತೇ ಬರ್ತೀಯ, ಗೊತ್ತು.

ನಿನ್ನ ಮಾಮಾ