ಹೊಳೆ ದಾಟಿಸಿದವರಿಗೆ

ನಮ್ಮ ತಂದೆಯವರು ಮೊನ್ನೆ ತುಮರಿಯಲ್ಲಿ ಬಸ್ಸು ಹತ್ತಿ, ಶರಾವತಿ ಹಿನ್ನೀರಿನ ಮೇಲೆ ಕಟ್ಟಿರುವ ಸಿಗಂದೂರು ಸೇತುವೆಯ ಮೇಲಿಂದ ಒಬ್ಬರೇ ಸಾಗರಕ್ಕೆ ಹೋಗಿ, ಬಿ.ಪಿ. ತೋರಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಮರಳಿದರು. ಬಹಳ ಹಿಂದೆಯೇ ಹೇಳಬೇಕಿದ್ದ ಕೃತಜ್ಞತೆಯನ್ನು ಇನ್ನೂ ಹೇಳಿಲ್ಲವೆಂಬುದು ಆಗ ನನ್ನನ್ನು ಬಹಳವಾಗಿ ಕಾಡಿತು.

ಅದು 2023ರ ಜೂನ್, ಸೇತುವೆ ಇನ್ನೂ ಆಗಿರಲಿಲ್ಲ. ಮಳೆ ಹಿಡಿದಿರಲಿಲ್ಲ, ಶರಾವತಿಯ ಹಿನ್ನೀರು ತಗ್ಗಿ, ಜನರನ್ನೂ ವಾಹನಗಳನ್ನೂ ಹೊಳೆ ದಾಟಿಸುವ ಲಾಂಚ್‌ಗೆ ವಾಹನ ಹತ್ತಿಸುವುದೂ ನಿಂತಿತ್ತು. ರಾತ್ರಿ ತಂದೆಯವರಿಗೆ ಎದೆನೋವು ಬಂದಾಗ, ಕಾರ್ಗಲ್ ಮೇಲೆ ಸುತ್ತಿ ಹೋಗುವ ಕಾಡುದಾರಿಯಲ್ಲಿ ಅವರು ಉಳಿಯಲಾರರೆಂದು ನಮ್ಮೂರಿನ ಆಶಾ ಕಾರ್ಯಕರ್ತೆ ಖಂಡಿತವಾಗಿ ಹೇಳಿ, ತಾವೇ ಲಾಂಚ್ ಸಿಬ್ಬಂದಿಗೆ ಫೋನ್ ಮಾಡಿದರು. ಕೆಲಸ ಮುಗಿಸಿ ಮಲಗಿದ್ದವರು ಎದ್ದು ಬಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾದಾಗ ಮುಳುಗಿದ ಕಾಡಿನ ಬೊಡ್ಡೆಗಳು ನೀರಿನಿಂದ ಮೇಲೆದ್ದಿದ್ದವು. ಒಬ್ಬರು ಮುಂಭಾಗದಲ್ಲಿ ಮಂಡಿಯೂರಿ ಟಾರ್ಚ್ ಹಿಡಿದು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದರೆ, ಚಾಲಕರು ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದರು. ಕಂಬಳಿಯೊಳಗಿನ ತಂದೆಯವರ ಕೈ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. ಆಚೆ ದಡದಲ್ಲಿ ಆಂಬುಲೆನ್ಸ್ ಕಾದಿತ್ತು. ಆ ಇಬ್ಬರಿಗೆ ನಾನು ಅಂದು ಒಂದು ಮಾತನ್ನೂ ಹೇಳದೆ ಓಡಿದ್ದೆ.

ಇನ್ನೊಬ್ಬರನ್ನು ನೆನೆಯಲೇಬೇಕು. 2018ರಲ್ಲಿ ನಿಂತುಹೋಗಿದ್ದ, ಸಹಕಾರ ಸಂಘದ ಸದಸ್ಯರ ಚಿಕಿತ್ಸೆಯ ಖರ್ಚು ಭರಿಸುವ ಯಶಸ್ವಿನಿ ಯೋಜನೆ ಮತ್ತೆ ಆರಂಭವಾದಾಗ, ಇದೂ ನಿಲ್ಲುತ್ತದೆಂದು ನಾವು ಉದಾಸೀನ ಮಾಡಿದ್ದೆವು. ನಮ್ಮ ಸಹಕಾರ ಸಂಘದ ಕಾರ್ಯದರ್ಶಿಯವರು ಮೂರು ಸಲ ಮನೆಗೆ ಬಂದು, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ಬಿಡಿಸಿ ಹೇಳಿ, ನಮ್ಮಿಂದ ಹಣ ಕಟ್ಟಿಸಿದರು. ಐದು ಲಕ್ಷದವರೆಗಿನ ಆ ರಕ್ಷಣೆ ಇಲ್ಲದಿದ್ದರೆ, ಶಿವಮೊಗ್ಗದಲ್ಲಿ ಬೈಪಾಸ್ ಆಗಬೇಕೆಂದಾಗ ನಾವು ತೋಟವನ್ನು ಅಡವಿಡಬೇಕಾಗುತ್ತಿತ್ತು. ಅನುಮೋದನೆ ಬರುವವರೆಗೂ ನಮ್ಮ ಕಾಗದಪತ್ರಗಳನ್ನು ಹಿಡಿದು ಓಡಾಡಿದ ಆಸ್ಪತ್ರೆಯ ಸಿಬ್ಬಂದಿಗೂ, ಹಗಲು ರಾತ್ರಿ ನೋಡಿಕೊಂಡ ದಾದಿಯರಿಗೂ ವೈದ್ಯರಿಗೂ ನಾವು ಋಣಿಗಳು.

2025ರ ಜುಲೈ 14ರಂದು ಉದ್ಘಾಟನೆಯಾದ ಸೇತುವೆಗಾಗಿ ದಶಕಗಳ ಕಾಲ ಅರ್ಜಿ ಹಿಡಿದು ಅಲೆದ, ಧರಣಿ ಕುಳಿತ ಕರೂರು ಹೋಬಳಿಯ ಹಿರಿಯರಿಗೆ ಕೈಮುಗಿಯುತ್ತೇನೆ. ಅವರಲ್ಲಿ ಹಲವರು ಅದನ್ನು ಕಾಣದೆಯೇ ಹೋದರೆಂಬ ನೋವು ನನಗಿದೆ. ತುಮರಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿಯೂ ವೈದ್ಯರಿರಬೇಕೆಂಬ ನಮ್ಮ ಬೇಡಿಕೆಗೂ ಅವರ ಆ ಹಟವೇ ಬಲ.

ಈ ವರ್ಷದ ಯಶಸ್ವಿನಿ ಹಣವನ್ನು ತಂದೆಯವರೇ ಸೊಸೈಟಿಗೆ ನಡೆದು ಹೋಗಿ ಕಟ್ಟಿ ಬಂದಿದ್ದಾರೆ. ರಸೀದಿ ದೇವರ ಗೂಡಿನಲ್ಲಿದೆ.